ಎಲ್ಲರೂ ಶೆಟ್ಟಿಗಳೇ ಅಲ್ವಾ ಎಂದನಂತೆ

ಬರ್ಮಿಂಗ್‌ಹ್ಯಾಮ್
ಭಾನುವಾರ

ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ. ಇವರಿಗೆ ನೆಗಡಿಯಾಗಿತ್ತು, ಈಗ ಇಲ್ಲ. ಪುಟ್ಟಿ ಶಾಲೆಗೆ ಹೋಗುತ್ತಿದ್ದಾಳೆ. ನಿನ್ನ ಕಾಗದ ಗುರುವಾರ ಸಿಕ್ಕಿತು. ಡ್ಯೂಟಿ ಮುಗಿಸಿ ಬಂದವಳು ಬಾಗಿಲ ಹತ್ತಿರವೇ ನಿಂತು ಓದಿದೆ, ಕೋಟು ಕೂಡ ತೆಗೆಯಲಿಲ್ಲ. ಫೋನಿನಲ್ಲಿ ಹೇಳಿದರೆ ಚಾವಡಿಯಲ್ಲಿ ಕೂತ ಅಪ್ಪಯ್ಯನ ಕಿವಿಗೆ ಬೀಳುತ್ತದೆ ಎಂದು ನಾಲ್ಕು ಪುಟ ಕೈಯಲ್ಲಿ ಬರೆದಿದ್ದೀಯಲ್ಲ, ಅದನ್ನು ನೋಡಿದಾಗಲೇ ಏನೋ ಆಗಿದೆ ಎಂದು ಗೊತ್ತಾಯಿತು. ನನ್ನ ಉತ್ತರವನ್ನೂ ಚಿಕ್ಕಮ್ಮನ ಮನೆ ವಿಳಾಸಕ್ಕೇ ಹಾಕುತ್ತಿದ್ದೇನೆ. ಓದಿಯಾದ ಮೇಲೆ ಅಪ್ಪಯ್ಯನಿಗೆ ಎಷ್ಟು ಹೇಳಬೇಕು ಎಂದು ನೀನೇ ನೋಡಿಕೋ. ಬಿಪಿ ಮಾತ್ರೆ ಬೆಳಿಗ್ಗೆ ತಿಂಡಿಯಾದ ಕೂಡಲೇ ಕೊಡು, ಸಂಜೆಗೆ ತಳ್ಳಬೇಡ.

ಮೊದಲು ಸರದ ವಿಷಯ. ನನ್ನ ತಮ್ಮನೇ ಆದರೂ ಅಪ್ಪು ನಿನ್ನ ಎರಡೂವರೆ ಪವನಿನ ಸರ ಅಡವಿಟ್ಟು ಅರವತ್ತು ಸಾವಿರ ತಂದದ್ದು ತಪ್ಪೇ. ನಿನ್ನನ್ನು ಕೇಳಿ ಇಟ್ಟಿದ್ದರೂ ತಪ್ಪೇ ಆಗುತ್ತಿತ್ತು, ಕೇಳದೆ ಇಟ್ಟದ್ದು ಇನ್ನೂ ತಪ್ಪು. ಅವನಿಗೆ ಫೋನ್ ಮಾಡಿ ಹೇಳಿದ್ದೇನೆ, ಅತ್ತ. ಬಡ್ಡಿಯೂ ಸೇರಿ ಸಾಕಾಗುವಷ್ಟು ಹಣ ನಿನ್ನ ಖಾತೆಗೆ ಹಾಕಿದ್ದೇನೆ. ಮಂಗಳವಾರದೊಳಗೆ ಬರುತ್ತದೆ. ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿ ಬಿಡಿಸಿಕೊಂಡು ಬಾ. ರಶೀದಿ ಅಪ್ಪುವಿನ ಕಪಾಟಿನಲ್ಲಿ, ಹಳೇ ಕ್ರಿಕೆಟ್ ಶೂ ಡಬ್ಬದೊಳಗೆ ಇದೆಯಂತೆ. ಹಣದ ಬಗ್ಗೆ ನೀನು ಯೋಚನೆ ಮಾಡುವುದೇ ಬೇಡ. ಈ ತಿಂಗಳು ಓವರ್‌ಟೈಮ್ ಜಾಸ್ತಿ ಸಿಕ್ಕಿದೆ. ನಮಗೆ ಒಂದು ಚೂರೂ ತೊಂದರೆ ಇಲ್ಲ, ನಿಜವಾಗಿಯೂ ಇಲ್ಲ.

ಆ ಅರವತ್ತು ಸಾವಿರ ಯಾರ ಕೈಗೆ ಹೋಯಿತೋ ಅದೇ ನನಗೆ ಹೆಚ್ಚು ಬೇಸರ. ಬೆಂಗಳೂರಿನಲ್ಲಿ ಯಾರೋ ಒಬ್ಬ ಸಿನಿಮಾದಲ್ಲಿ ಪಾರ್ಟ್ ಕೊಡಿಸುತ್ತೇನೆ, ಫೋಟೋ ತೆಗೆಸಬೇಕು, ನಿರ್ದೇಶಕರನ್ನು ಭೇಟಿ ಮಾಡಿಸಬೇಕು ಎಂದು ಹೇಳಿ ತೆಗೆದುಕೊಂಡನಂತೆ. ಪಾರ್ಟ್ ಕೊಡುವವರು ಸಂಬಳ ಕೊಡುತ್ತಾರೆ, ಕೇಳುವುದಿಲ್ಲ. ಅಪ್ಪುವಿಗೆ ಇದನ್ನು ಹತ್ತು ಸಲ ಹೇಳಿದೆ. ಆ ಹಣ ಹೋಯಿತು ಎಂದೇ ತಿಳಿದುಕೋ. ಇನ್ನೊಂದು ರೂಪಾಯಿ ಆ ಮನುಷ್ಯನಿಗೆ ಹೋಗಬಾರದು, ಅಷ್ಟೇ.

ಈಗ ನೀನು ಬರೆದ ಆ ಮಾತಿಗೆ ಬರುತ್ತೇನೆ. ಸೊಸೈಟಿ ಕೆಲಸ ಬಿಟ್ಟು ಬಂದ ದಿನ ನೀನು ಬೈದಾಗ ಅವನು, "ರಿಷಬ್, ರಕ್ಷಿತ್, ರಾಜ್ ಎಲ್ಲರೂ ಶೆಟ್ಟಿಗಳೇ ಅಲ್ವಾ, ನಾನೂ ಶೆಟ್ಟಿಯೇ ಅಲ್ವಾ" ಎಂದನಂತೆ. ನೀನು, "ಶೆಟ್ಟಿ ಎಂದು ಹೆಸರಿದ್ದರೆ ಸಾಕಾ" ಎಂದು ಕೇಳಿ ಅಡುಗೆಮನೆಗೆ ಹೋದೆಯಂತೆ. ಅಮ್ಮ, ನಾನು ಮೂರು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಈ ಹೆಸರು ನನಗೂ ಇಲ್ಲಿ ದಿನಾ ಎದುರಾಗುತ್ತದೆ.

ಹೋದ ವಾರದ ಕತೆ ಕೇಳು. ನಮ್ಮ ವಾರ್ಡಿನಲ್ಲಿ ಎಂಬತ್ನಾಲ್ಕು ವರ್ಷದ ಒಬ್ಬರು ಅಜ್ಜಿ ಇದ್ದಾರೆ, ಸೊಂಟದ ಆಪರೇಷನ್ ಆಗಿದೆ. ಬಿಪಿ ನೋಡಲು ಬಗ್ಗಿದಾಗ ನನ್ನ ಕೊರಳ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು, ಕನ್ನಡಕ ಮೂಗಿನ ಮೇಲೆ ಏರಿಸಿ, ಅಕ್ಷರ ಅಕ್ಷರವಾಗಿ ಓದಿದರು. "ಶೆಟ್ಟಿ! ಶಿಲ್ಪಾ ನಿನಗೆ ಏನಾಗಬೇಕು?" ಎಂದರು. ಈ ಪ್ರಶ್ನೆ ನನಗೆ ಹೊಸತಲ್ಲ. ಆದರೆ ಈ ಅಜ್ಜಿ 2007ರ ಜನವರಿಯಲ್ಲಿ ನಟಿ ಶಿಲ್ಪಾ ಶೆಟ್ಟಿ ಇದ್ದ ಸೆಲೆಬ್ರಿಟಿ ಬಿಗ್ ಬ್ರದರ್ ಎಂಬ, ನಮ್ಮ ಬಿಗ್ ಬಾಸ್ ತರಹದ ಟಿವಿ ಕಾರ್ಯಕ್ರಮವನ್ನು ಒಂದು ರಾತ್ರಿಯೂ ಬಿಡದೆ ನೋಡಿದ್ದರಂತೆ. ಆ ಮನೆಯೊಳಗೆ ಶಿಲ್ಪಾಗೆ ಮಾಡಿದ ಅವಮಾನ ನೋಡಲಾಗದೆ ಇಲ್ಲಿ 40 ಸಾವಿರಕ್ಕೂ ಹೆಚ್ಚು ಜನ ದೂರು ಕೊಟ್ಟಿದ್ದರು. ಅಜ್ಜಿ ದೂರು ಕೊಡಲಿಲ್ಲ, ಫೋನ್ ಮಾಡಿ ವೋಟು ಹಾಕಿದರಂತೆ. ಕೊನೆಯ ದಿನ ಶಿಲ್ಪಾ ಗೆದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದೆ ಎಂದರು. "ನಿಮ್ಮ ಹುಡುಗಿ ಎಷ್ಟು ಮರ್ಯಾದೆಯಿಂದ ನಡೆದುಕೊಂಡಳು" ಎಂದು ನನ್ನ ಕೈ ಹಿಡಿದುಕೊಂಡರು. ಶಿಲ್ಪಾ ಹುಟ್ಟಿದ್ದು ಮಂಗಳೂರಿನಲ್ಲಿ, ನಮ್ಮೂರಿಂದ ಎರಡು ಗಂಟೆ ದಾರಿ ಎಂದು ಹೇಳಿದೆ. ನಮಗೂ ಅವರಿಗೂ ಯಾವ ಸಂಬಂಧವೂ ಇಲ್ಲ ಎಂದರೂ ಅಜ್ಜಿ ನಂಬಲಿಲ್ಲ. ನನಗಂತೂ ಆ ದಿನವೆಲ್ಲ ಹೆಮ್ಮೆ. ಇಷ್ಟು ದೂರದ ಊರಿನ ಆಸ್ಪತ್ರೆಯ ಮಂಚದ ಮೇಲೆ ನಮ್ಮ ಹೆಸರನ್ನು ಪ್ರೀತಿಯಿಂದ ಹೇಳುವವರು ಒಬ್ಬರಿದ್ದಾರೆ.

ಇಲ್ಲಿನ ಜನಕ್ಕೆ ಹೆಸರು ಒಂದೇ ಆದರೆ ಮನೆಯೂ ಒಂದೇ. ಇಲ್ಲಿ ರೆಡ್‌ಗ್ರೇವ್ ಎಂದು ನಟರ ಮನೆತನವೇ ಇದೆ. ಅಪ್ಪ ಮೈಕಲ್ ನಟ, ಮಕ್ಕಳು ವನೆಸ್ಸಾ, ಕಾರಿನ್, ಲಿನ್ ಮೂವರೂ ನಟರು. ನಟರ ಸಂಘದಲ್ಲಿ ಒಂದೇ ಹೆಸರಿನ ಇಬ್ಬರಿಗೆ ಜಾಗ ಇಲ್ಲ ಎಂಬ ಕಟ್ಟುನಿಟ್ಟು ಬೇರೆ ಇತ್ತು. ಡೇವಿಡ್ ಟೆನೆಂಟ್ ಎಂಬ ದೊಡ್ಡ ನಟನ ನಿಜವಾದ ಹೆಸರು ಮೆಕ್‌ಡೊನಾಲ್ಡ್. ಆ ಹೆಸರಿನ ಇನ್ನೊಬ್ಬರು ಮೊದಲೇ ಇದ್ದದ್ದಕ್ಕೆ ಬದಲಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಆ ನಿಯಮ ಇದ್ದಿದ್ದರೆ ಕರಾವಳಿಯಲ್ಲಿ ಎಷ್ಟು ಜನ ಹೆಸರು ಬದಲಿಸಬೇಕಿತ್ತು, ಅಲ್ವಾ? ಇಲ್ಲಿನವರಿಗೆ ನಮ್ಮ ಬಳಿ, ಅಂದರೆ ತಾಯಿ ಕಡೆಯ ವಂಶದ ವಿಷಯ ಹೇಳಿ ಅರ್ಥ ಮಾಡಿಸುವುದು ಕಷ್ಟ. ಶೆಟ್ಟಿ ಎಂಬುದು ಲಕ್ಷಾಂತರ ಜನರ ಹೆಸರು, ಒಂದು ಮನೆಯದ್ದಲ್ಲ. ಬಂಟರಲ್ಲೂ ಇದೆ, ಬೇರೆ ಜಾತಿಯವರಲ್ಲೂ ಇದೆ. ನಮ್ಮಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಹೇಳುವುದು ಬಳಿ. ಬಳಿ ಬರುವುದು ತಾಯಿಯಿಂದ. ಹೆಣ್ಣು ನೋಡುವಾಗ ಬಳಿ ಕೇಳದೆ ಯಾರಾದರೂ ಜಾತಕ ಮುಟ್ಟುತ್ತಾರಾ?

ಇದರಿಂದ ನನಗೇ ಒಂದು ಸಲ ಪೇಚಾಟವಾಗಿತ್ತು, ನಿನಗೆ ಹೇಳಿರಲಿಲ್ಲ. ಹೋದ ವರ್ಷ ಊರಿಂದ ವಾಪಸು ಬರುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವವರು ನಿಲ್ಲಿಸಿದರು. ಪುಟ್ಟಿಯ ಹೆಸರಿನ ಹಿಂದೆ ಹೆಗ್ಡೆ, ನನ್ನದರ ಹಿಂದೆ ಶೆಟ್ಟಿ. ಇವರು ಜೊತೆಗಿರಲಿಲ್ಲ. ಮಗು ನಿಮ್ಮದೇನಾ ಎಂದು ಕೇಳಿದರು. ಮಕ್ಕಳ ಕಳ್ಳಸಾಗಣೆ ತಡೆಯಲು ಹಾಗೆ ಕೇಳುತ್ತಾರೆ, ಅವರ ತಪ್ಪಿಲ್ಲ. ಜನನ ಪತ್ರ ತೋರಿಸಿದೆ, ಬಿಟ್ಟರು. ಆದರೆ ನಮ್ಮ ಲೆಕ್ಕದಲ್ಲಿ ಪುಟ್ಟಿ ಪೂರ್ತಿ ನನ್ನ ಬಳಿಯವಳು, ಅವಳ ಅಪ್ಪನದ್ದಲ್ಲ! ಅಪ್ಪಯ್ಯನ ಅಪ್ಪ ಹೆಗ್ಡೆ, ಅಜ್ಜಿಯ ಮನೆಯವರು ಶೆಟ್ಟಿ ಎಂದು ನೀನೇ ಹೇಳಿದ್ದು ನೆನಪಿದೆಯಾ? ಆಸ್ತಿ ತಾಯಿ ಕಡೆಯಿಂದ ಬರುತ್ತಿದ್ದ ಅಳಿಯಕಟ್ಟಿನ ಕಾಲದಲ್ಲಿ ಮಕ್ಕಳು ತಾಯಿ ಮನೆಯ ಹೆಸರು ಇಟ್ಟುಕೊಳ್ಳುತ್ತಿದ್ದರು, ಹಾಗಾಗಿ ಅಪ್ಪಯ್ಯ ಶೆಟ್ಟಿಯಾದರು. ಅಪ್ಪು ಎದೆ ತಟ್ಟಿಕೊಳ್ಳುವ ಹೆಸರು ಅವನಿಗೆ ಬಂದದ್ದು ಮಂದಾರ್ತಿ ಕಡೆಯ ಗದ್ದೆಯಲ್ಲಿ ನಾಟಿ ಮಾಡಿಸುತ್ತಿದ್ದ ಆ ಅಜ್ಜಿಯಿಂದ. ಅವನಿಗೆ ಇದನ್ನು ಹೇಳು. ನಾನೂ ಹೇಳಿದ್ದೇನೆ.

ಅಮ್ಮ, ಈಗ ನನ್ನ ಮನಸ್ಸಿನಲ್ಲಿ ಇರುವುದನ್ನು ನೇರವಾಗಿ ಹೇಳುತ್ತೇನೆ. ಅವನನ್ನು ತಡೆಯಬೇಡ. ಆದರೆ ಅವನು ಹೋಗುವ ದಾರಿ ಬದಲಿಸು.

ಅವನು ಹೆಸರು ಹೇಳುವವರ ಹಿಂದೆ ಏನೇನಿದೆ ಎಂದು ಅವನಿಗೇ ಗೊತ್ತಿಲ್ಲ. ಕೆರಾಡಿಯ ರಿಷಬ್ ಹುಟ್ಟುಹೆಸರು ಪ್ರಶಾಂತ್. ಊರಿನಲ್ಲಿ ಯಕ್ಷಗಾನದ ವೇಷ ಹಾಕಿದವರು. ಬೆಂಗಳೂರಿನಲ್ಲಿ ನಿರ್ದೇಶನದ ಡಿಪ್ಲೊಮಾ ಓದಿ, ನೀರಿನ ಕ್ಯಾನ್ ಮಾರಿ, ಸೆಟ್ಟಿನಲ್ಲಿ ಕ್ಲಾಪ್ ಹಿಡಿದು ದಿನ ಕಳೆದರು. 2012ರಲ್ಲಿ ಸಣ್ಣ ಪಾತ್ರದಿಂದ ಶುರು ಮಾಡಿದವರಿಗೆ ಕಾಂತಾರ ಬಂದದ್ದು 2022ರಲ್ಲಿ. ರಾಷ್ಟ್ರಪ್ರಶಸ್ತಿ ಸಿಕ್ಕಿತೆಂದು ಗೊತ್ತಾದದ್ದು 2024ರಲ್ಲಿ. ಹನ್ನೆರಡು ವರ್ಷ. ಉಡುಪಿಯ ರಕ್ಷಿತ್ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡಿದ ಮೇಲೆ ಸಿನಿಮಾಕ್ಕೆ ಬಂದವರು. ರಾಜ್ ಬಿ. ಶೆಟ್ಟಿ ಮಂಗಳೂರಿನಲ್ಲಿ ರೇಡಿಯೋದಲ್ಲಿ ಮಾತಾಡುತ್ತಿದ್ದರು. ಅನುಷ್ಕಾ ಶೆಟ್ಟಿ ಯೋಗ ಹೇಳಿಕೊಡುತ್ತಿದ್ದರು. ಒಬ್ಬರೂ ಅರವತ್ತು ಸಾವಿರ ಕೊಟ್ಟು ಒಳಗೆ ಹೋದವರಲ್ಲ.

ವಯಸ್ಸು ಇಪ್ಪತ್ತೇಳಾಯಿತು, ಇನ್ನು ಎಂತ ನಟನೆ ಎಂದು ಬರೆದಿದ್ದೀಯ. ಮೂಲ್ಕಿಯ ಸುನೀಲ್ ಶೆಟ್ಟಿ ಹುಟ್ಟಿದ್ದು 1961ರಲ್ಲಿ, ಮೊದಲ ಸಿನಿಮಾ ಬಂದದ್ದು 1992ರಲ್ಲಿ. ಮೂವತ್ತೊಂದು ವರ್ಷ! ಹಾಗಾಗಿ ವಯಸ್ಸಿನ ಚಿಂತೆ ಬಿಡು. ಅವರ ಅಪ್ಪ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಟೇಬಲ್ ಒರೆಸಿ ಮೇಲೆ ಬಂದವರು. ನಮ್ಮ ದೊಡ್ಡಜ್ಜನೂ ಅದೇ ಕೆಲಸ ಮಾಡಿದವರಲ್ವಾ. ದೊಡ್ಡಜ್ಜ ಹೇಳುತ್ತಿದ್ದರು ನೋಡು, ಹಿಂದಿ ಸಿನಿಮಾ ಶುರುವಾಗುವಾಗ ಫೈಟ್ ಮಾಡಿಸಿದವರ ಹೆಸರು ಬರೀ "ಶೆಟ್ಟಿ" ಎಂದು ಬರುತ್ತಿತ್ತು, ಅದನ್ನು ನೋಡಲೆಂದೇ ಹೋಟೆಲ್ ಹುಡುಗರೆಲ್ಲ ರಾತ್ರಿ ಆಟಕ್ಕೆ ಹೋಗುತ್ತಿದ್ದರು ಎಂದು. ಅದು ಎಂ.ಬಿ. ಶೆಟ್ಟಿ, ಬೋಳು ತಲೆಯ ಖಳನಾಯಕ. 1982ರಲ್ಲಿ ತೀರಿಕೊಂಡರು. ಮಗ ರೋಹಿತ್ ಶೆಟ್ಟಿ ಹದಿಹರೆಯದಲ್ಲೇ ಸಹಾಯಕನಾಗಿ ಕೆಲಸಕ್ಕೆ ಸೇರಿದರು. ತಾನೇ ನಿರ್ದೇಶಕನಾಗಿ ಮೊದಲ ಸಿನಿಮಾ ಮಾಡಿದ್ದು 2003ರಲ್ಲಿ. ಅಪ್ಪನ ಹೆಸರು ಅಷ್ಟು ದೊಡ್ಡದಿದ್ದವರಿಗೇ ಅಷ್ಟು ವರ್ಷ ಬೇಕಾಯಿತು.

ಅಪ್ಪಯ್ಯ ಒಂದು ಮಾತು ಹೇಳುತ್ತಿದ್ದರು, ಮೊನ್ನೆ ರಾತ್ರಿ ವಾರ್ಡಿನಲ್ಲಿ ಕೂತಾಗ ನೆನಪಾಯಿತು. ಯಕ್ಷಗಾನದ ಆಟದವರ ಹೆಸರು ಗಮನಿಸು, ಊರೋ ಮನೆಯೋ ಮುಂದೆ ಇರುತ್ತದೆ, ಶೆಟ್ಟಿ ಕೊನೆಗೆ ಎಂದು. ಬೋಳಾರ ನಾರಾಯಣ ಶೆಟ್ಟಿ, ಅರುವ ಕೊರಗಪ್ಪ ಶೆಟ್ಟಿ, ಪಟ್ಲ ಸತೀಶ್ ಶೆಟ್ಟಿ. ಬೋಳಾರ ಎಂದರೆ ಸಾಕು, ಅರುವ ಎಂದರೆ ಸಾಕು. ಪಟ್ಲರ ಹಾಡು ಎಂದು ಜನ ಹೇಳುತ್ತಾರೆ, ಶೆಟ್ಟರ ಹಾಡು ಎಂದು ಯಾರೂ ಹೇಳುವುದಿಲ್ಲ. ಚಿಕ್ಕವಳಿದ್ದಾಗ ಈ ಮಾತು ನನ್ನ ತಲೆಗೆ ಹೋಗಿರಲಿಲ್ಲ. ಈಗ ಅಪ್ಪುವಿಗೆ ಅಪ್ಪಯ್ಯನೇ ಇದನ್ನು ಹೇಳಿದರೆ ಚೆನ್ನ. ನಾನು ಹೇಳಿದರೆ ಅಕ್ಕ ಉಪದೇಶ ಮಾಡುತ್ತಾಳೆ ಎನ್ನುತ್ತಾನೆ.

ಅವನಿಗೆ ಆಟದ ಹುಚ್ಚು ಇವತ್ತಿನದ್ದಲ್ಲ ಅಮ್ಮ. ನಮ್ಮ ಹರಕೆಯಾಟದ ರಾತ್ರಿ ನಿನಗೆ ನೆನಪಿರಬೇಕು. ಮಂದಾರ್ತಿ ಮೇಳದ ಆಟಕ್ಕೆ ಅಷ್ಟು ವರ್ಷ ಕಾದು ನಮ್ಮ ಸರದಿ ಬಂದಿತ್ತು. ಗದ್ದೆಯಲ್ಲಿ ಚಾಪೆ ಹಾಸಿ ಅವನನ್ನು ನನ್ನ ತೊಡೆಯ ಮೇಲೆ ಮಲಗಿಸಿದ್ದೆ, ಆರು ವರ್ಷ ಅವನಿಗೆ. ಮಹಿಷಾಸುರ ಬರುವಾಗ ಎಬ್ಬಿಸು ಎಂದು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದ. ಎಬ್ಬಿಸಿದೆ. ದೊಂದಿ ಬೆಳಕಿನಲ್ಲಿ ಆ ವೇಷ ಕೂಗುತ್ತಾ ಜನರ ನಡುವಿನಿಂದ ಬಂತು. ಮಕ್ಕಳೆಲ್ಲ ಚೀರಿ ಅಮ್ಮಂದಿರ ಸೆರಗಿನೊಳಗೆ ಹೋದರು. ಇವನು ಚಾಪೆಯ ಮೇಲೆ ಎದ್ದು ನಿಂತ. ಬಾಯಿ ತೆರೆದುಕೊಂಡೇ ಇತ್ತು. ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದ ಎಂದರೆ ಅವನ ಉಗುರಿನ ಗುರುತು ಬೆಳಿಗ್ಗೆವರೆಗೂ ಇತ್ತು. ಆಮೇಲೆ ವೇಷ ಕಟ್ಟುವ ಚೌಕಿಗೆ ಹೋಗಿ ನೋಡಬೇಕು ಎಂದು ಹಟ. ಅಲ್ಲಿ ಅದೇ ಮಹಿಷಾಸುರ ಕಿರೀಟ ಬಿಚ್ಚಿಟ್ಟು, ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಾ ಚಾ ಕುಡಿಯುತ್ತಿದ್ದರು. ಅಪ್ಪು ಅವರ ಕಾಲ ಬಳಿ ಕೂತು ಕಿರೀಟವನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದ. ಆ ದಿನದಿಂದಲೇ ಇದು ಶುರುವಾದದ್ದು, ಕಾಂತಾರ ನೋಡಿ ಅಲ್ಲ.

ಅದಕ್ಕೇ ಹೇಳುವುದು, ಅವನು ಮೊದಲು ಕಲಿಯಲಿ. ಬ್ರಹ್ಮಾವರದಿಂದ ಬಸ್ಸು ಹತ್ತಿ ಉಡುಪಿಯಲ್ಲಿ ಇಳಿದರೆ ಇಂದ್ರಾಳಿಗೆ ಹತ್ತು ನಿಮಿಷ. ಅಲ್ಲಿರುವ ಯಕ್ಷಗಾನ ಕೇಂದ್ರ ಶುರುವಾದದ್ದು 1971ರಲ್ಲಿ, ಬನ್ನಂಜೆ ಸಂಜೀವ ಸುವರ್ಣರು ಎಷ್ಟೋ ಜನರಿಗೆ ಹೆಜ್ಜೆ ಕಲಿಸಿದ ಜಾಗ. ಹೋಗಿ ವಿಚಾರಿಸಲಿ. ನಾಟಕವೇ ಬೇಕು ಎಂದರೆ ಹೆಗ್ಗೋಡಿನ ನೀನಾಸಮ್. ಘಾಟಿ ಹತ್ತಿ ಸಾಗರದ ದಾರಿ ಹಿಡಿದರೆ ಒಂದೇ ದಿನದಲ್ಲಿ ಹೋಗಿ ಕೇಳಿಕೊಂಡು ಬರಬಹುದು. 1980ರಿಂದ ರಂಗಶಿಕ್ಷಣ ಕೊಡುತ್ತಿದ್ದಾರೆ. ಒಂದು ವರ್ಷ ಅಲ್ಲೇ ಇದ್ದು, ನಸುಕಿನಲ್ಲಿ ಎದ್ದು, ನೆಲ ಗುಡಿಸುವುದರಿಂದ ಹಿಡಿದು ಎಲ್ಲ ಕಲಿಯಬೇಕು. ಅದನ್ನು ತಡೆದುಕೊಂಡರೆ ಇವನ ಆಸೆ ಗಟ್ಟಿ ಎಂದು ನನಗೂ ಗೊತ್ತಾಗುತ್ತದೆ. ಆ ಒಂದು ವರ್ಷ ಮನೆ ಖರ್ಚಿಗೆ ಅವನ ಸಂಬಳದ ಬದಲು ನಾನು ತಿಂಗಳಿಗೆ 15 ಸಾವಿರ ಕಳಿಸುತ್ತೇನೆ. ಬೇಡ ಎನ್ನಬೇಡ. ಇವರನ್ನು ಕೇಳಿಯೇ ಹೇಳುತ್ತಿದ್ದೇನೆ, ಇವರಿಗೂ ಸಂತೋಷವೇ.

ಅಪ್ಪುವಿಗೆ ನೋಡಿದ ಹೆಬ್ರಿಯ ಸಂಬಂಧದ ವಿಷಯ. ನಿನಗೆ ನಿದ್ದೆ ಬಾರದಿರುವುದು ಇದಕ್ಕೇ ಎಂದು ಗೊತ್ತು. ನಿಶ್ಚಿತಾರ್ಥಕ್ಕೆ ದಿನ ನೋಡಿದ ಮೇಲೆ ಹುಡುಗಿಯ ಸೋದರಮಾವ ಫೋನ್ ಎತ್ತುತ್ತಿಲ್ಲ, ವೇಷ ಹಾಕುವವನಿಗೆ ಹೆಣ್ಣು ಹೇಗೆ ಕೊಡುವುದು ಎಂದು ಯಾರ ಹತ್ತಿರವೋ ಹೇಳಿದರು ಎಂದು ಬರೆದಿದ್ದೀಯ. ನನಗೆ ಅವರ ಮೇಲೆ ಸಿಟ್ಟು ಬಂದಿಲ್ಲ ಅಮ್ಮ. ನಮ್ಮಲ್ಲಿ ಮಾವನ ಮಾತೇ ಮುಂದೆ, ಸೋದರ ಸೊಸೆಯ ಬಗ್ಗೆ ಹೆದರಿಕೆ ಇರುವುದು ಸರಿಯೇ. ಆದರೆ ಅವರು ಕೆಲಸ ಬಿಟ್ಟದ್ದನ್ನು ಬೇರೆಯವರ ಬಾಯಿಯಿಂದ ಕೇಳಿದರಲ್ಲ, ತಪ್ಪಾದದ್ದು ಅಲ್ಲಿ. ಅಪ್ಪಯ್ಯ, ನಮ್ಮ ಮಾವ ಇಬ್ಬರೂ ಹೋಗಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಕೆಲಸ ಬಿಟ್ಟಿದ್ದಾನೆ, ಒಂದು ವರ್ಷ ಕಲಿಯುತ್ತಾನೆ, ಮದುವೆ ಅಷ್ಟು ಮುಂದೆ ಹಾಕೋಣ, ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಬೇಸರ ಇಲ್ಲ ಎಂದು. ಸರದ ವಿಷಯವನ್ನೂ ಮುಚ್ಚಿಡುವುದು ಬೇಡ ಎಂದು ನನಗೆ ಅನಿಸುತ್ತದೆ. ಆದರೆ ಅದು ನಿನ್ನ ಸರ, ನಿನ್ನ ಇಷ್ಟ.

ಹುಡುಗಿಯನ್ನೂ ಒಂದು ಮಾತು ಕೇಳಬೇಕಲ್ವಾ? ಎಲ್ಲರೂ ಮಾವನನ್ನೇ ಕೇಳುತ್ತಿದ್ದೀರಿ. ಅವಳು ಟೀಚರ್, ತನ್ನ ಸಂಬಳದಲ್ಲಿ ನಿಂತವಳು. ಫೋಟೋ ಕಳಿಸಿದಾಗ ನನಗೆ ಅವಳ ಮುಖ ಬಹಳ ಹಿಡಿಸಿತ್ತು. ಅಪ್ಪುವಿಗೂ ಅವಳೆಂದರೆ ಇಷ್ಟ, ಫೋನಿನಲ್ಲಿ ಅತ್ತದ್ದು ಸರಕ್ಕಾಗಿ ಮಾತ್ರ ಅಲ್ಲ. ಅವಳೇ ಬೇಡ ಎಂದರೆ ಆ ಮಾತನ್ನು ಅಲ್ಲಿಗೇ ಬಿಡೋಣ. ಅವಳು ಕಾಯುತ್ತೇನೆ ಎಂದರೆ ನಾನು ಮೇ ತಿಂಗಳ ರಜೆಯಲ್ಲಿ ಬಂದು ಮುಂದೆ ನಿಂತು ನಿಶ್ಚಿತಾರ್ಥ ಮಾಡಿಸುತ್ತೇನೆ.

ಇನ್ನೊಂದು ವಿಷಯ ಮರೆತೆ. 2022ರಲ್ಲಿ ಕಾಂತಾರ ಇಲ್ಲಿ ಬಂದಾಗ ನಮ್ಮ ವಾರ್ಡಿನ ಕೇರಳದ ನರ್ಸನ್ನೂ ಕರೆದುಕೊಂಡು ಹೋಗಿದ್ದೆ. ಅವಳಿಗೆ ಕನ್ನಡ ಒಂದಕ್ಷರ ಬಾರದು. ಕೊನೆಯ ಇಪ್ಪತ್ತು ನಿಮಿಷ ನನ್ನ ತೋಳು ಹಿಡಿದುಕೊಂಡು ಕೂತಿದ್ದಳು, ಅಪ್ಪು ಆ ರಾತ್ರಿ ಹಿಡಿದ ಹಾಗೆಯೇ. ಹೊರಗೆ ಚಳಿ, ಮಳೆ. ಬಸ್ ಸ್ಟಾಪಿನಲ್ಲಿ ನಿಂತು ಅವಳಿಗೆ ಪಂಜುರ್ಲಿ ಎಂದರೆ ಏನು, ಕೋಲ ಎಂದರೆ ಏನು ಎಂದು ಹೇಳುತ್ತಾ ಎರಡು ಬಸ್ ಬಿಟ್ಟೆವು. ಇದನ್ನು ಅಪ್ಪಯ್ಯನಿಗೆ ಹೇಳು, ಖುಷಿಪಡುತ್ತಾರೆ.

ನೀನು ಊಟ ಬಿಡಬೇಡ. ಮಧ್ಯಾಹ್ನ ಸ್ವಲ್ಪ ಮಲಗು. ನಾವು ಚೆನ್ನಾಗಿದ್ದೇವೆ, ಚಳಿ ಏನೂ ಇಲ್ಲ, ಮನೆಯೊಳಗೆ ಹೀಟರ್ ಇದೆ, ಕುಚ್ಚಲಕ್ಕಿ ಇಲ್ಲಿಯೂ ಸಿಗುತ್ತದೆ, ನೀನು ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಭರಣಿ ಇದೆ. ನನ್ನ ಬಗ್ಗೆ ಯೋಚನೆ ಮಾಡಲೇಬೇಡ. ಅಪ್ಪುವನ್ನು ಬೈಯುವುದು ಸಾಕು, ಅವನೂ ಈ ಮೂರು ವಾರದಲ್ಲಿ ಇಳಿದು ಹೋಗಿದ್ದಾನೆ ಎಂದು ವೀಡಿಯೋದಲ್ಲಿ ನೋಡಿದೆ. ಇವತ್ತು ರಾತ್ರಿ ಅವನಿಗೆ ಇಷ್ಟದ ಬಂಗುಡೆ ಪುಳಿಮುಂಚಿ ಮಾಡಿ ಹತ್ತಿರ ಕೂತು ಬಡಿಸು.

ಪುಟ್ಟಿ ಬರೆದ ಚಿತ್ರ ಇದರೊಳಗೆ ಇಟ್ಟಿದ್ದೇನೆ. ಕಿರೀಟ ಹಾಕಿದ್ದು ಅಪ್ಪು ಮಾವನಂತೆ.

ರಾತ್ರಿ ಡ್ಯೂಟಿ ಇದೆ, ಬಸ್ಸಿಗೆ ಆರೇ ನಿಮಿಷ ಇದೆ. ಸರ ಬಿಡಿಸಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು.

ನಿನ್ನ ಮಗಳು

ಅಪ್ಪಯ್ಯನ ಮಾತ್ರೆ ಈ ತಿಂಗಳ ಕೊನೆಗೆ ಮುಗಿಯುತ್ತದೆ, ತರಿಸಿಡು.